ದಿನಾ ಸೊಂಟಕ್ಕಿಟ್ಟುಕೊಳ್ಳುವ ಪಿಸ್ತೂಲಿಗೆ ಕಾಂಪೆನ್ಸೇಟರ್ (ಹೊಡೆದಾಗ ಪಿಸ್ತೂಲಿನ ಬಾಯಿ ಮೇಲೇಳದ ಹಾಗೆ ಬಿಸಿ ಗಾಳಿಯನ್ನು ಮೇಲಕ್ಕೆ ಬಿಡುವ ಕಿಂಡಿ) ಬೇಕಾ? ಮೈಗೆ ಹತ್ತಿರ ಹಿಡಿದು ಹೊಡೆದರೆ ಮುಖಕ್ಕೆ ಅಪಾಯ ಇದೆಯಾ?

ತುಂಗಾತೀರ (ಟೆಕ್ಸಾಸ್)

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದವಳು, ಇಲ್ಲಿಗೆ ಬಂದು ಹದಿನಾರು ವರ್ಷ ಆಯ್ತು. ನರ್ಸ್ ಕೆಲಸ, ವಾರಕ್ಕೆ ಮೂರು ರಾತ್ರಿ ಪಾಳಿ. ನಾಲ್ಕು ವರ್ಷದ ಹಿಂದೆ ಸಿಟಿಜನ್ ಆದ ಮೇಲೆ ಕ್ಲಾಸಿಗೆ ಹೋಗಿ ಕಲಿತು, ಟೆಕ್ಸಾಸ್ ಲೈಸೆನ್ಸ್ ಕೂಡ ಮಾಡಿಸಿಕೊಂಡೆ. 2021ರಿಂದ ಇಲ್ಲಿ ಲೈಸೆನ್ಸ್ ಇಲ್ಲದೆಯೂ ಇಟ್ಟುಕೊಳ್ಳಬಹುದು ಅಂತ ಗೊತ್ತು. ಆದರೂ ಸರಿಯಾಗಿ ಕಲಿತೇ ಇಟ್ಟುಕೊಳ್ಳೋಣ ಅನ್ನಿಸಿತು. ಆಸ್ಪತ್ರೆ ಒಳಗೆ ಒಯ್ಯುವ ಹಾಗಿಲ್ಲ, ಕಾರಿನಲ್ಲಿ ಬೋಲ್ಟ್ ಹಾಕಿಸಿದ ಪೆಟ್ಟಿಗೆಯಲ್ಲಿ ಬೀಗ ಹಾಕಿಡುತ್ತೇನೆ.

ನನ್ನ ಹತ್ತಿರ ಇರೋದು ಸಿಗ್ ಕಂಪನಿಯ 9 ಎಂಎಂ ಪಿಸ್ತೂಲು ಪಿ365, ಅದರಲ್ಲೂ ಎಲ್ಲಕ್ಕಿಂತ ಚಿಕ್ಕದು, 3.1 ಇಂಚಿನ ನಳಿಗೆ. ಬಟ್ಟೆ ಒಳಗೆ ಚೆನ್ನಾಗಿ ಅಡಗುತ್ತೆ. ಆದರೆ ಎರಡು ವರ್ಷದಿಂದ ಬಲಗೈ ಮಣಿಕಟ್ಟಿನಲ್ಲಿ ನರ ಒತ್ತುವ ತೊಂದರೆ ಶುರುವಾಗಿದೆ. ಮೊದಲ ಗುಂಡು ಸರಿಯಾಗಿ ಹೋಗುತ್ತೆ. ಎರಡನೆಯದು, ಮೂರನೆಯದು ಮೇಲಕ್ಕೆ ಮೇಲಕ್ಕೆ ಹತ್ತಿಬಿಡುತ್ತೆ. ಮೂವತ್ತು ಗುಂಡು ಮುಗಿಯುವಷ್ಟರಲ್ಲಿ ಕೈ ನೋವು.

ನಮ್ಮವರ ಸ್ನೇಹಿತರೊಬ್ಬರು "ಅದೇ ಪಿ365 ಸಾಲಿನ ಎಕ್ಸ್-ಮ್ಯಾಕ್ರೋ ಕಾಂಪ್ ತಗೊಳ್ಳಿ, ಕಂಪನಿಯಿಂದಲೇ ಕಾಂಪೆನ್ಸೇಟರ್ ಬಂದಿರುತ್ತೆ, ಬಾಯಿ ಏಳೋದೇ ಇಲ್ಲ" ಅಂದರು. ಕ್ಲಾಸಿನಲ್ಲಿ ಪರಿಚಯವಾದ ಇನ್ನೊಬ್ಬರು ಅದಕ್ಕೆ ಪೂರ್ತಿ ಉಲ್ಟಾ ಹೇಳಿದರು. ಕಾರಿನೊಳಗೆ ಅಥವಾ ಯಾರಾದರೂ ಮೈಮೇಲೆ ಬಿದ್ದಾಗ ಹೊಡೆದರೆ ಬಿಸಿ ಗಾಳಿ, ಸುಡದೇ ಉಳಿದ ಮದ್ದು ಎಲ್ಲ ನಿಮ್ಮ ಕಣ್ಣಿಗೇ ಬರುತ್ತೆ, ರಾತ್ರಿ ಬೆಂಕಿ ಮಿಂಚಿ ಏನೂ ಕಾಣಿಸಲ್ಲ ಅಂತ. ನನ್ನ ಓಡಾಟವೆಲ್ಲ ರಾತ್ರಿಯೇ. ಅದಕ್ಕೇ ಹೆದರಿಕೆ. ಅನುಭವ ಇರೋರು ದಯವಿಟ್ಟು ಬಿಡಿಸಿ ಹೇಳಿ.


ರೇಂಜ್ ಮೇಷ್ಟ್ರು (ಅರಿಜೋನಾ)

ಮೇಡಂ, ಪ್ರಶ್ನೆ ಚೆನ್ನಾಗಿ ಕೇಳಿದ್ದೀರಿ. ಇಬ್ಬರು ಹೇಳಿದ್ದರಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ. ಮೊದಲು ಈ ಕಾಂಪ್ ಏನು ಮಾಡುತ್ತೆ ಅನ್ನೋದು ತಲೆಗೆ ಹೋದರೆ ಉಳಿದದ್ದನ್ನು ನೀವೇ ತೂಗಿ ನೋಡಬಹುದು.

ಪಿಸ್ತೂಲಿನ ನಳಿಗೆ ನಿಮ್ಮ ಮುಷ್ಟಿಗಿಂತ ಮೇಲೆ ಇರುತ್ತೆ. ಗುಂಡು ಮುಂದಕ್ಕೆ ಹೋದಾಗ ಪಿಸ್ತೂಲು ನೇರ ಹಿಂದಕ್ಕೆ ಮಾತ್ರ ಒದೆಯಲ್ಲ, ಮಣಿಕಟ್ಟನ್ನು ಕೀಲಾಗಿಸಿಕೊಂಡು ಮೇಲಕ್ಕೆ ತಿರುಗುತ್ತೆ. ಇವು ಎರಡು ಬೇರೆ ಬೇರೆ: ಒಂದು ಒದೆತ, ಇನ್ನೊಂದು ಬಾಯಿ ಏಳೋದು. ಕಾಂಪೆನ್ಸೇಟರ್ ಮುಖ್ಯವಾಗಿ ಎರಡನೆಯದನ್ನು ಹಿಡಿಯುತ್ತೆ. ಗುಂಡಿನ ಹಿಂದೆ ಬರುವ ಗಾಳಿಯನ್ನು ಕಿಂಡಿಯಿಂದ ಮೇಲಕ್ಕೆ ಬಿಟ್ಟರೆ ಅದರ ಪ್ರತಿಯಾಗಿ ಬಾಯಿ ಕೆಳಕ್ಕೆ ಒತ್ತುತ್ತೆ. ಇಷ್ಟೇ ಅದರ ಕೆಲಸ.

ಈಗ ಆ ಗಾಳಿ ಎಷ್ಟು ಅಂತ ನೋಡಿ. 9 ಎಂಎಂ ತೋಟೆಯಲ್ಲಿ ಮದ್ದು ಸುಮಾರು 4ರಿಂದ 6 ಗ್ರೇನ್, ಅಂದರೆ ಒಂದು ಗ್ರಾಂನ ಮೂರನೇ ಒಂದು ಪಾಲು ಅನ್ನಿ. ಯುಎಸ್‌ಪಿಎಸ್‌ಎ ಅನ್ನೋ ಪಿಸ್ತೂಲು ಸ್ಪರ್ಧೆ ಸಂಸ್ಥೆಯ ಓಪನ್ ವಿಭಾಗದವರ ಪಿಸ್ತೂಲು ನೋಡಿದ್ದೀರಾ? ಬಾಯಿಗೆ ಉದ್ದನೆಯ ಕಾಂಪ್, ಒಳಗೆ .38 ಸೂಪರ್ ಅನ್ನೋ ತೋಟೆ. ಅವರು ನಿಧಾನ ಉರಿಯುವ ಮದ್ದನ್ನು ದುಪ್ಪಟ್ಟಿನ ಹತ್ತಿರ ತುಂಬುತ್ತಾರೆ. ಅಷ್ಟು ಗಾಳಿ ಇದ್ದರೆ ಕಾಂಪ್ ಪವಾಡ ಮಾಡುತ್ತೆ, ಗುರಿ ನೋಡುವ ಗಾಜಿನಲ್ಲಿನ ಕೆಂಪು ಚುಕ್ಕಿ (ರೆಡ್ ಡಾಟ್) ಕದಲೋದೇ ಇಲ್ಲ. ಆ ವಿಡಿಯೋ ನೋಡಿ ಅದೇ ಫಲ ಸೊಂಟದ ಪಿಸ್ತೂಲಲ್ಲೂ ಸಿಗುತ್ತೆ ಅಂದುಕೊಂಡರೆ ನಿರಾಸೆ ಖಂಡಿತ. ಇಲ್ಲಿ ಸಿಗೋದು ಒಂದಿಷ್ಟು ಸಹಾಯ, ಅಷ್ಟೇ.

ಯಾವ ತೋಟೆ ಹಾಕುತ್ತೀರಿ ಅನ್ನೋದೂ ಲೆಕ್ಕಕ್ಕೆ ಬರುತ್ತೆ. 147 ಗ್ರೇನಿನ ಭಾರದ ಗುಂಡು ನಿಧಾನವಾಗಿ ಹೋಗುತ್ತೆ, ಬಾಯಿ ಹತ್ತಿರ ಒತ್ತಡ ಕಮ್ಮಿ, ಕಾಂಪ್‌ಗೆ ಕೆಲಸ ಕಮ್ಮಿ. 115 ಅಥವಾ 124 ಗ್ರೇನಿನ ಚುರುಕು ತೋಟೆಯಲ್ಲಿ ಕಾಂಪ್ ಎದ್ದು ಕಾಣುತ್ತೆ. 9 ಎಂಎಂಗೆ ಅಮೆರಿಕದ ತೋಟೆ ತಯಾರಕರ ಸಂಸ್ಥೆ ಸಾಮಿ ಇಟ್ಟಿರುವ ಒತ್ತಡದ ಮಿತಿ ಚದರ ಇಂಚಿಗೆ 35,000 ಪೌಂಡ್, ಹೆಚ್ಚು ಒತ್ತಡದ ಪ್ಲಸ್ ಪಿ ತೋಟೆ ಆದರೆ 38,500. ಅದೇ .45 ಎಸಿಪಿ ತೋಟೆ ನೋಡಿ, 21,000 ಮಾತ್ರ. ಹಾಗಾಗಿ .45ಕ್ಕೆ ಕಾಂಪ್ ಹಾಕಿದರೆ ಅಷ್ಟೇನೂ ಗೊತ್ತಾಗಲ್ಲ.

ಇನ್ನೊಂದು ಗೊಂದಲ ಬಿಡಿಸಿಬಿಡುತ್ತೇನೆ. ನಳಿಗೆಯಲ್ಲೇ ಮೇಲ್ಗಡೆ ತೂತು ಕೊರೆದಿದ್ದರೆ ಅದು ಪೋರ್ಟ್. ತೊಂಬತ್ತರ ದಶಕದ ಗ್ಲಾಕ್ 17ಸಿ, 19ಸಿ ಅಂಥವು. ಅಲ್ಲಿ ಗುಂಡು ಇನ್ನೂ ನಳಿಗೆ ಒಳಗೆ ಇರುವಾಗಲೇ ಗಾಳಿ ಹೊರಗೆ ಹೋಗುತ್ತೆ, ಹಾಗಾಗಿ ವೇಗವೂ ಸ್ವಲ್ಪ ಹೋಗುತ್ತೆ. ಕಾಂಪ್ ಅಂದರೆ ನಳಿಗೆ ಮುಗಿದ ಮೇಲೆ ಇರುವ ಕೋಣೆ. ನೀವು ಕೇಳಿದ ಎಕ್ಸ್-ಮ್ಯಾಕ್ರೋ ಕಾಂಪ್ 2022ರಲ್ಲಿ ಬಂತು. ಅದರಲ್ಲಿ ಉದ್ದನೆಯ ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಸರಿಯುವ ಭಾಗ) ಒಳಗೆ ನಿಮ್ಮದೇ 3.1 ಇಂಚಿನ ನಳಿಗೆ ಇಟ್ಟು, ಮುಂದೆ ಉಳಿದ ಜಾಗದಲ್ಲಿ ಸ್ಲೈಡಿಗೇ ಕಿಂಡಿ ತೆಗೆದಿದ್ದಾರೆ. ಅಂದರೆ ಪಿಸ್ತೂಲು ದೊಡ್ಡದಾದರೂ ಗುಂಡಿನ ವೇಗ ನಿಮ್ಮ ಚಿಕ್ಕದರಷ್ಟೇ.

ಕೊನೆಗೆ ಒಂದು ಮಾತು, ದಯವಿಟ್ಟು ತಪ್ಪು ತಿಳಿಯಬೇಡಿ. ಎಕ್ಸ್-ಮ್ಯಾಕ್ರೋದ ಹಿಡಿ ಉದ್ದ, 17 ಗುಂಡಿನ ಮ್ಯಾಗಜಿನ್. ಮೂರೂ ಬೆರಳು ಪೂರ್ತಿ ಕೂರುತ್ತೆ. ಅದನ್ನು ಹೊಡೆದು "ಆಹಾ ಕಾಂಪ್!" ಅನ್ನುವವರಲ್ಲಿ ಅರ್ಧ ಜನಕ್ಕೆ ಹಿತ ಅನ್ನಿಸಿದ್ದು ಹಿಡಿ. ಕಾಂಪ್ ಇರುವುದನ್ನೂ ಇಲ್ಲದಿರುವುದನ್ನೂ ಒಂದೇ ದಿನ, ಒಂದೇ ತೋಟೆಯಲ್ಲಿ ಹೊಡೆದು ನೋಡದೆ ದುಡ್ಡು ಹಾಕಬೇಡಿ.


ಹುಬ್ಬಳ್ಳಿ ಮಂದಿ (ಒಹಾಯೊ)

ಅಕ್ಕಾರ, ನಾ ಕಾಂಪ್ ಹಚ್ಚಿ ತಗದಾಂವ. ಅದಕ್ಕ ನನ್ನ ಕಥಿ ಕೇಳ್ರಿ.

ಎರಡು ವರ್ಷದ ಹಿಂದ ನನ್ನ ಮಧ್ಯಮ ಗಾತ್ರದ ಪಿಸ್ತೂಲಿಗೆ ಥ್ರೆಡ್ (ತಿರುಪಿನ ಗೆರಿ) ಇರೋ ನಳಿಗಿ ತರಿಸಿ, ಅದರ ತುದೀಗೆ ಒಂದು ಕಾಂಪ್ ತಿರುಗಿಸಿ ಕೂಡಿಸಿದೆ. ಮಾಡಿದವರ ಹೆಸರು ಬ್ಯಾಡ. ಚುರುಕು ತೋಟಾ ಹಾಕಿದ್ರ ಬೆಣ್ಣಿ ಹಂಗ ನಡೀತಿತ್ತು. ಆದರ ರೇಂಜಿನಾಗ (ಗುರಿ ಹೊಡೆಯೋ ಮೈದಾನ) ಹೊಡೆಯೋ ಅಗ್ಗದ 115 ಗ್ರೇನ್ ಹಾಕಿದ್ರ ಪ್ರತಿ ಮ್ಯಾಗಜಿನ್ನಿಗೆ ಒಂದರೆ ಸಿಕ್ಕೊಳ್ಳೂದು. ಖಾಲಿ ತೋಟಾ ಹೊರಗ ಹಾರಂಗಿಲ್ಲ, ಕೊಳವಿ ಹಂಗ ನೆಟ್ಟಗ ನಿಂತಬಿಡ್ತಿತ್ತು.

ಯಾಕ ಅಂತ ತಿಳಕೊಳ್ಳಾಕ ನನಗ ಆರು ತಿಂಗಳ ಬೇಕಾತು. ಈ ಪಿಸ್ತೂಲಿನಾಗ ನಳಿಗಿ ಸುಮ್ಮನ ಕೂಡಂಗಿಲ್ಲ. ಸ್ಲೈಡ್ ಜೋಡಿ ಒಂದಿಷ್ಟು ಹಿಂದ ಬಂದು, ಬಾಲ ಕೆಳಗ ಬಾಗಿಸಿ ಬಿಚ್ಚಿಕೊಂತದ. ಬಂದೂಕಿನ ನಕ್ಷಾ ಮಾಡಿದ ಜಾನ್ ಬ್ರೌನಿಂಗ್ ಕಾಲದಿಂದ ಬಂದ ಪದ್ಧತಿ ಅದು. ನಾವು ನಳಿಗಿ ತುದೀಗೆ ಭಾರ ಕಟ್ಟಿದ್ರ ಹಿಂದ ಹೋಗೋ ವೇಗ ಕಮ್ಮಿ ಆಕ್ಕತಿ. ಸ್ಲೈಡ್ ಪೂರ್ತಿ ಹಿಂದ ಹೋಗೂದ್ರಾಗ ಸ್ಪ್ರಿಂಗ್ ಮುಂದ ತಳ್ಳತದ. ಸ್ಪ್ರಿಂಗ್ ಹಗುರ ಹಾಕಿದ್ರ ಅಗ್ಗದ ತೋಟಾ ನಡದ್ವು. ಆದರ ಈಗ ಕಾಂಪ್ ಸಡ್ಲ ಆದ್ರ, ಇಲ್ಲಾ ಬಿಚ್ಚಿ ಬಿದ್ರ, ಹಗುರ ಸ್ಪ್ರಿಂಗಿನ ಮ್ಯಾಲ ಸ್ಲೈಡ್ ಬಡಕೊಳ್ಳತದ. ಒಂದು ಸರಿ ಮಾಡಾಕ ಹೋಗಿ ಇನ್ನೊಂದು ಕೆಡಿಸಿದಂಗಾತು.

ಸ್ಪರ್ಧಾದಾಗ ಸಿಕ್ಕೊಂಡ್ರ ನಾಕು ಸೆಕೆಂಡ್ ಹೋಗತಾವ. ಪಾರ್ಕಿಂಗ್‌ನಾಗ ಸಿಕ್ಕೊಂಡ್ರ ಏನು ಹೋಗತದ ಹೇಳ್ರಿ? ನಾ ಕಾಂಪ್ ತಗದು ಡಬ್ಬ್ಯಾಗ ಇಟ್ಟೇನಿ. ಸೊಂಟಕ್ಕ ಇರೋದು ಈಗ ಅಂಗಡಿಯಿಂದ ಬಂದಂಗ ಐತಿ. ಅವತ್ತಿನಿಂದ ಒಂದ ಸಲ ಸೈತ ಸಿಕ್ಕಿಲ್ಲ.


ರೇಂಜ್ ಮೇಷ್ಟ್ರು (ಅರಿಜೋನಾ)

ಹುಬ್ಬಳ್ಳಿ ಅವರು ಹೇಳಿದ್ದು ನೂರಕ್ಕೆ ನೂರು ಸರಿ, ತಿರುಗಿಸಿ ಕೂಡಿಸುವ ಕಾಂಪ್ ಬಗ್ಗೆ. ಸ್ಲೈಡಿಗೇ ಕಿಂಡಿ ಇರೋದರಲ್ಲಿ ನಳಿಗೆ ತುದಿಗೆ ಭಾರ ಬೀಳಲ್ಲ, ಕಂಪನಿಯವರು ಸ್ಪ್ರಿಂಗ್ ಅದಕ್ಕೆ ಹೊಂದಿಸಿಯೇ ಕಳಿಸಿರುತ್ತಾರೆ. ಆ ತೊಂದರೆ ಅಲ್ಲಿ ಬಹಳ ಕಮ್ಮಿ. ಇಲ್ಲವೇ ಇಲ್ಲ ಅನ್ನಲ್ಲ. ಮಣಿಕಟ್ಟು ಸಡಿಲ ಹಿಡಿದು ದುರ್ಬಲ ತೋಟೆ ಹೊಡೆದರೆ ಯಾವ ಚಿಕ್ಕ ಪಿಸ್ತೂಲೂ ಸಿಕ್ಕಿಕೊಳ್ಳಬಹುದು, ಕೈ ನೋವಿರೋರಿಗೆ ಅದೂ ಒಂದು ಗಮನ ಇರಲಿ.


ಕಾಫಿತೋಟ (ವರ್ಜೀನಿಯಾ)

ತುಂಗಾತೀರ ಅಕ್ಕ, ನಿಮ್ಮ ನಿಜವಾದ ಪ್ರಶ್ನೆ ಮುಖಕ್ಕೆ ಬರುತ್ತಾ ಅನ್ನೋದು ತಾನೇ? ಅದರ ಬಗ್ಗೆ ನಾನು ಹೇಳ್ತೀನಿ. ನಾನು ಹೆಂಗಸರಿಗೆ ಆತ್ಮರಕ್ಷಣೆ ತರಗತಿ ತಗೊಳ್ಳೋ ತಂಡದಲ್ಲಿ ಸಹಾಯಕಿ. ಪೋರ್ಟ್ ಇರೋ ಪಿಸ್ತೂಲು, ಕಾಂಪ್ ಇರೋದು, ಎರಡೂ ಇಲ್ಲದ್ದು, ಮೂರನ್ನೂ ಮೈಗೆ ಹತ್ತಿರ ಹಿಡಿದು ಹೊಡೆದಿದೀನಿ.

ಕೈ ಮುಂದಕ್ಕೆ ಚಾಚಿ ಎರಡೂ ಕೈಯಲ್ಲಿ ಹಿಡಿದು ಹೊಡೆದಾಗ ಕಿಂಡಿ ಮುಖದಿಂದ ಎರಡು ಅಡಿಗಿಂತ ದೂರ, ಗಾಳಿ ಹೋಗೋದೂ ಮೇಲಕ್ಕೆ. ಒಂದು ಸಣ್ಣ ಬಿಸಿ ಗಾಳಿ ಹಣೆಗೆ ತಾಗಿದ ಹಾಗಾಗುತ್ತೆ, ಅಷ್ಟೇ. ಅಲ್ಲಿ ಭಯ ಬೇಡ.

ಹತ್ತಿರ ಹಿಡಿದಾಗಿನ ಮಾತು ಬೇರೆ. ಎದುರಿನವನು ಕೈಗೆಟಕುವಷ್ಟು ಹತ್ತಿರ ಇದ್ದಾಗ ಕೈ ಚಾಚಿದರೆ ಪಿಸ್ತೂಲು ಅವನ ಕೈಗೇ ಕೊಟ್ಟ ಹಾಗೆ. ಅದಕ್ಕೇ ಪಕ್ಕೆಗೆ ಒತ್ತಿ ಹಿಡಿದು ಹೊಡೆಯೋದು ಕಲಿಸ್ತಾರೆ. ಆಗ ಕಿಂಡಿ ಸರಿಯಾಗಿ ನಿಮ್ಮ ಗಲ್ಲದ ಕೆಳಗಡೆ ಎಲ್ಲೋ ಇರುತ್ತೆ. ನೇರ ಹಿಡಿದರೆ ಗಾಳಿ, ಮಸಿ, ಅರೆಬೆಂದ ಮದ್ದಿನ ಕಣ ಗಲ್ಲಕ್ಕೂ ಕೊರಳಿಗೂ ಬಡಿಯುತ್ತೆ. ಪೋರ್ಟ್ ಇರೋದರಲ್ಲಿ ನನಗೆ ಚುರ್ ಅಂತ ಚುಚ್ಚಿದ ಅನುಭವ ಆಗಿದೆ, ಗಲ್ಲದ ಮೇಲೆ ಸಾಸಿವೆ ಸಿಡಿದ ಹಾಗೆ ಕೆಂಪು ಚುಕ್ಕಿ ಒಂದು ದಿನ ಇತ್ತು. ಪೋರ್ಟ್ ತೂತಿನ ಅಂಚು ಗುಂಡಿನ ಮೇಲಿನ ತಾಮ್ರವನ್ನ ಒಂಚೂರು ಕೆರೆದು ಎಸೆಯೋದೂ ಉಂಟು. ತಾಮ್ರದ ನೀರು ಕೊಟ್ಟ ಅಗ್ಗದ ಗುಂಡು, ಬರೀ ಸೀಸದ ಗುಂಡು ಇದಕ್ಕೆ ಹಾಕಲೇಬಾರದು. ಕಾಂಪ್‌ನಲ್ಲಿ ಚುಚ್ಚಿದ್ದು ಕಮ್ಮಿ. ಕಿಂಡಿ ಇನ್ನೂ ಮುಂದಿರುತ್ತೆ, ಒಂದೆರಡು ಇಂಚು ಅಂದ್ರೂ ಅಲ್ಲಿ ವ್ಯತ್ಯಾಸ ಗೊತ್ತಾಗುತ್ತೆ.

ಪರಿಹಾರ ಹಿಡಿಯೋ ರೀತಿಯಲ್ಲೇ ಇದೆ. ಹೆಬ್ಬೆರಳು ಎದೆ ಪಕ್ಕಕ್ಕೆ ತಾಗಿಸಿ ಪಿಸ್ತೂಲನ್ನ ಸ್ವಲ್ಪ ಹೊರಕ್ಕೆ ವಾಲಿಸೋದು. ಕಾಂಪ್ ಇಲ್ಲದ ಪಿಸ್ತೂಲಿಗೂ ಹೀಗೇ ಕಲಿಸ್ತಾರೆ, ಇಲ್ಲಾಂದ್ರೆ ಸ್ಲೈಡ್ ಹಿಂದಕ್ಕೆ ಬರುವಾಗ ಬಟ್ಟೆಗೆ ಸಿಕ್ಕುತ್ತೆ. ವಾಲಿಸಿದಾಗ ಗಾಳಿ ಮುಖ ಬಿಟ್ಟು ಹೊರಕ್ಕೆ ಹೋಗುತ್ತೆ. ಇದನ್ನ ಓದಿಕೊಂಡು ಒಬ್ಬರೇ ಮಾಡಬೇಡಿ. ಮೊದಲು ಖಾಲಿ ಪಿಸ್ತೂಲಲ್ಲಿ, ಆಮೇಲೆ ಕಲಿಸೋರು ಪಕ್ಕದಲ್ಲಿ ನಿಂತಿರುವಾಗ, ಕಣ್ಣಿಗೆ ಕನ್ನಡಕ ಹಾಕಿ, ಕೊರಳು ಮುಚ್ಚೋ ಬಟ್ಟೆ ಹಾಕಿ. ನಾವು ತರಗತಿಯಲ್ಲಿ ಒಂದು ಸ್ಟ್ಯಾಂಡಿಗೆ ಬಿಳಿ ರಟ್ಟು ಕಟ್ಟಿ ಮುಖದ ಎತ್ತರಕ್ಕೆ ಪಕ್ಕದಲ್ಲಿ ನಿಲ್ಲಿಸ್ತೀವಿ. ಹೊಡೆದ ಮೇಲೆ ರಟ್ಟಿನ ಮೇಲೆ ಮಸಿ ಎಲ್ಲಿ ಬಿದ್ದಿದೆ ನೋಡಿದ್ರೆ ಯಾರೂ ಏನೂ ಹೇಳೋದು ಬೇಕಾಗಲ್ಲ.

ಕಾರಿನ ಒಳಗಿಂದ ಅಂದ್ರಲ್ಲ, ಅಲ್ಲಿ ಕಣ್ಣಿಗಿಂತ ಕಿವಿಯದ್ದೇ ನನಗೆ ದೊಡ್ಡ ಚಿಂತೆ. 9 ಎಂಎಂ ಸದ್ದು ಸುಮಾರು 160 ಡೆಸಿಬಲ್. ಒಮ್ಮೆಗೇ ಬಡಿಯೋ ಸದ್ದಿಗೆ 140 ದಾಟಿದ್ರೆ ಕಿವಿಗೆ ಶಾಶ್ವತ ಹಾನಿ ಆಗಬಹುದು ಅಂತಾರೆ. ಕಾಂಪ್ ಆ ಸದ್ದನ್ನ ಮುಂದಕ್ಕೆ ಬಿಡೋ ಬದಲು ಮೇಲಕ್ಕೂ ಹಿಂದಕ್ಕೂ ತಿರುಗಿಸುತ್ತೆ. ರೇಂಜಲ್ಲಿ ನಿಮ್ಮ ಪಕ್ಕ ನಿಂತೋರು ಮೊದಲು ದೂರುತ್ತಾರೆ, ನೋಡ್ತಿರಿ.


ತುಂಗಾತೀರ (ಟೆಕ್ಸಾಸ್)

ತಂಗಿ, ತುಂಬಾ ಥ್ಯಾಂಕ್ಸ್. ಯಾರೂ ಇಷ್ಟು ಬಿಡಿಸಿ ಹೇಳಿರಲಿಲ್ಲ. ರಾತ್ರಿಯ ಬೆಂಕಿ ಬಗ್ಗೆ ಯಾರಾದರೂ ಹೇಳ್ತೀರಾ? ಒಂದು ಫೋಟೋ ನೋಡಿದೆ, ಪಿಸ್ತೂಲಿನ ಮೇಲೆ ಫುಟ್‌ಬಾಲ್ ಗಾತ್ರದ ಬೆಂಕಿ ಚೆಂಡು. ಅದು ಕಣ್ಣೆದುರಿಗೇ ಬಂದರೆ ಆಮೇಲೆ ಕತ್ತಲಲ್ಲಿ ಏನು ಕಾಣುತ್ತೆ?


ಮಲೆನಾಡಮಳೆ (ನಾರ್ತ್ ಕ್ಯಾರೊಲಿನಾ)

ಆ ಫೋಟೋಗಳನ್ನು ನಂಬಬೇಡಿ ಮೇಡಂ. ಕತ್ತಲಲ್ಲಿ ಫೋಟೋ ತೆಗೆಯುವಾಗ ಕ್ಯಾಮೆರಾ ಬಹಳ ಹೊತ್ತು ಕಣ್ಣು ತೆರೆದಿಟ್ಟಿರುತ್ತೆ. ಆ ಹೊತ್ತಿನಲ್ಲಿ ಬಂದ ಬೆಳಕನ್ನೆಲ್ಲ ಒಂದೇ ಚಿತ್ರದಲ್ಲಿ ಒಟ್ಟು ಮಾಡುತ್ತೆ. ನಮ್ಮ ಕಣ್ಣಿಗೆ ಅದು ಒಂದು ಕ್ಷಣದ ಕಿಡಿ.

ನಾನು ಕಳೆದ ನವೆಂಬರಿನಲ್ಲಿ ಕತ್ತಲ ತರಗತಿಗೆ ಹೋಗಿದ್ದೆ, ಸಂಜೆ ಆರರಿಂದ ರಾತ್ರಿ ಹತ್ತು. ನನ್ನದು ಕಾಂಪ್ ಇರೋ ಪಿಸ್ತೂಲು. ಅಗ್ಗದ ರೇಂಜ್ ತೋಟೆಯಲ್ಲಿ ಕಿಂಡಿಯಿಂದ ಕಿತ್ತಳೆ ನಾಲಗೆ ಎದ್ದು ಕಾಣಿಸಿತು, ಸುಳ್ಳು ಹೇಳಲ್ಲ. ಅದೇ ಪಿಸ್ತೂಲಿಗೆ ಆತ್ಮರಕ್ಷಣೆಯ ತೋಟೆ ಹಾಕಿದಾಗ ಒಂದು ಮಂದ ಕೆಂಪು ಮಿಣುಕು, ಅಷ್ಟೇ. ಅಂಥ ತೋಟೆಗಳ ಮದ್ದಿನಲ್ಲಿ ಬೆಂಕಿ ತಗ್ಗಿಸುವ ಪದಾರ್ಥ ಬೆರೆಸಿರುತ್ತಾರೆ. ಚಿಕ್ಕ ನಳಿಗೆಯಲ್ಲಿ ಮದ್ದು ಪೂರ್ತಿ ಉರಿಯೋ ಮೊದಲೇ ಗುಂಡು ಹೊರಗೆ ಹೋಗುತ್ತೆ, ಉಳಿದದ್ದು ಗಾಳಿಯಲ್ಲಿ ಉರಿಯುತ್ತೆ. ನಿಮ್ಮ ಈಗಿನ ಪಿಸ್ತೂಲಿಗೂ ಕಾಂಪ್ ಇಲ್ಲದೇನೇ ಬೆಂಕಿ ಇದೆ, ಅದು ಮುಂದಕ್ಕೆ ಹೋಗುತ್ತೆ ಅನ್ನೋದಷ್ಟೇ ವ್ಯತ್ಯಾಸ.

ಕಣ್ಣು ಕತ್ತಲೆಗೆ ಹೊಂದಿಕೊಳ್ಳೋಕೆ ಅರ್ಧ ಗಂಟೆ ಹಿಡಿಯುತ್ತೆ. ಪಾರ್ಕಿಂಗ್ ದೀಪದ ಕೆಳಗೆ ನಡೆಯುವವರ ಕಣ್ಣು ಆ ಮಟ್ಟಕ್ಕೆ ಹೊಂದಿಕೊಂಡಿರೋದೇ ಇಲ್ಲ. ಜೊತೆಗೆ ನೀವು ಕೈದೀಪ ಹಿಡಿದಿರಲೇಬೇಕು, ಎದುರಿಗೆ ಯಾರು ಅಂತ ನೋಡದೆ ಪಿಸ್ತೂಲು ಎತ್ತುವ ಹಾಗಿಲ್ಲವಲ್ಲ. ಆ ದೀಪದ ಮುಂದೆ ಆ ಮಿಣುಕು ಲೆಕ್ಕಕ್ಕೆ ಬರಲಿಲ್ಲ. ನನಗೆ ತೊಂದರೆ ಕೊಟ್ಟದ್ದು ಹೊಗೆ. ದೀಪದ ಬೆಳಕು ಹೊಗೆಗೆ ಬಡಿದು ವಾಪಸ್ಸು ಬಂದು, ಒಂದು ಕ್ಷಣ ಬಿಳಿ ಪರದೆ ಎಳೆದ ಹಾಗಾಯ್ತು. ಇದನ್ನು ಯಾರೂ ಮೊದಲೇ ಹೇಳಿರಲಿಲ್ಲ.

ಮಸಿಯದ್ದೂ ಒಂದು ಕೆಲಸ ಇದೆ. ರೆಡ್ ಡಾಟ್ ಇದ್ದರೆ ಗಾಜಿನ ಮುಂಭಾಗಕ್ಕೆ ಮಸಿ ಕೂರುತ್ತೆ, ಮುಂದಿನ ಗುರಿಯ ಹೊಳಪು ಚುಕ್ಕಿಯೂ ಕಪ್ಪಾಗುತ್ತೆ. ಪ್ರತಿ ಸಲ ರೇಂಜಿನಿಂದ ಬಂದ ಮೇಲೆ ಒರೆಸಿಡಬೇಕು.


ಹೊಸಬ_ಸಿಯಾಟಲ್

ಎಲ್ಲಾ ಓದಿ ತುಂಬಾ ಕಲಿತೆ. ನಾನು ಎಚ್-1ಬಿ ಮೇಲೆ ಇದ್ದೀನಿ, ಮೂರು ವರ್ಷ ಆಯ್ತು. ಮೊದಲನೇ ಪಿಸ್ತೂಲಿಗೇ ಕಾಂಪ್ ಇರೋದು ತಗೊಳ್ಳಬಹುದಾ, ಅಥವಾ ಮೊದಲು ಬಾಡಿಗೆಗೆ ಹೊಡೆದು ನೋಡಲಾ?


ರೇಂಜ್ ಮೇಷ್ಟ್ರು (ಅರಿಜೋನಾ)

ತಮ್ಮಾ, ಎರಡೂ ಮಾಡಬೇಡಿ. ದಯವಿಟ್ಟು ಇದನ್ನು ಪೂರ್ತಿ ಓದಿ.

ಎಚ್-1ಬಿ, ಎಫ್-1 ಥರದ ವೀಸಾದಲ್ಲಿ ಇರುವವರು ಬಂದೂಕಾಗಲಿ ತೋಟೆಯಾಗಲಿ ಇಟ್ಟುಕೊಳ್ಳೋದು ಫೆಡರಲ್ ಕಾನೂನಿನ 922(ಜಿ) ಪ್ರಕಾರ ಅಪರಾಧ. ಶಿಕ್ಷೆ 15 ವರ್ಷದವರೆಗೆ ಆಗಬಹುದು, ಆಮೇಲೆ ಗಡೀಪಾರು. ರೇಂಜಿನಲ್ಲಿ ಬಾಡಿಗೆಗೆ ತಗೊಂಡು ಕೈಯಲ್ಲಿ ಹಿಡಿದರೂ ಸ್ವಾಧೀನ ಅಂತಲೇ ಲೆಕ್ಕ. ಕೆಲವು ವಿನಾಯಿತಿ ಇವೆ, ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇರೋದು ಅದರಲ್ಲಿ ಒಂದು. ಅದರ ಮೇಲೆ ನಂಬಿಕೆ ಇಡೋ ಮೊದಲು ಇಮಿಗ್ರೇಷನ್ ವಕೀಲರ ಹತ್ತಿರ ಮಾತಾಡಿ. ಸ್ನೇಹಿತರ ಜೊತೆ ಸುಮ್ಮನೆ ರೇಂಜಿಗೆ ಹೋಗಿ ಫೋಟೋ ಹಾಕೋ ಹುಡುಗರನ್ನು ನೋಡಿದಾಗೆಲ್ಲ ನನಗೆ ಎದೆ ಧಸಕ್ಕನ್ನುತ್ತೆ. ಗ್ರೀನ್ ಕಾರ್ಡ್ ಬಂದ ಮೇಲೆ ಈ ಅಡ್ಡಿ ಇಲ್ಲ.

ನಿಮ್ಮ ರಾಜ್ಯದ್ದೂ ಒಂದು ಇದೆ. ವಾಷಿಂಗ್ಟನ್ನಿನ 2023ರ ಕಾಯಿದೆ ಪ್ರಕಾರ, ಮ್ಯಾಗಜಿನ್ ಬಿಚ್ಚಿ ಹಾಕುವ ಸೆಮಿ ಆಟೋಮ್ಯಾಟಿಕ್ ಪಿಸ್ತೂಲಿಗೆ ಥ್ರೆಡ್ ಇರೋ ನಳಿಗೆ ಇದ್ದರೆ ಅದು ಮಾರಾಟ ನಿಷೇಧದ ಪಟ್ಟಿಗೆ ಸೇರುತ್ತೆ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್ ಕೂಡ ಥ್ರೆಡ್ ಬಗ್ಗೆ ಬಿಗಿ. ತಿರುಗಿಸಿ ಕೂಡಿಸೋ ಕಾಂಪ್‌ಗೆ ಥ್ರೆಡ್ ಬೇಕೇ ಬೇಕು. ಟೆಕ್ಸಾಸ್‌ನಲ್ಲಿ ಸುಮ್ಮನೆ ಕೊಳ್ಳೋ ಸಾಮಾನು ಕ್ಯಾಲಿಫೋರ್ನಿಯಾ ಗಡಿ ದಾಟಿದರೆ ಕೇಸ್ ಆಗುತ್ತೆ. ಮನೆ ಬದಲಾಯಿಸೋ ನಮ್ಮ ಸಾಫ್ಟ್‌ವೇರ್ ಮಂದಿ ಇದನ್ನು ಮರೆಯಬಾರದು.

ವಿಷಯದಿಂದ ಸ್ವಲ್ಪ ಹೊರಗಿನದು, ಆದರೂ ಹೇಳುತ್ತೇನೆ. ರೇಂಜಿಗೆ ಒಯ್ಯುವ ಬ್ಯಾಗನ್ನು ಯಾವತ್ತೂ ಊರಿಗೆ ಒಯ್ಯಬೇಡಿ. ಮೂಲೆಯಲ್ಲಿ ಉಳಿದ ಒಂದೇ ಒಂದು ತೋಟೆ ಬೆಂಗಳೂರು ಏರ್‌ಪೋರ್ಟಿನ ಸ್ಕ್ಯಾನರ್‌ನಲ್ಲಿ ಕಂಡರೆ ಆಯುಧ ಕಾಯಿದೆಯಡಿ ಕೇಸು. ಗೊತ್ತಿಲ್ಲದೆ ಉಳಿದಿತ್ತು ಅಂತ ಆಮೇಲೆ ಕೋರ್ಟಿನಲ್ಲಿ ಬಿಡಿಸಿಕೊಳ್ಳಬಹುದೇನೋ, ಅಷ್ಟರಲ್ಲಿ ರಜೆಯೂ ಹೋಯ್ತು, ವಾಪಸ್ಸು ಬರೋ ಟಿಕೆಟ್ಟೂ ಹೋಯ್ತು.


ಹೊಸಬ_ಸಿಯಾಟಲ್

ಸರ್, ಮುಂದಿನ ಶನಿವಾರ ಟೀಮಿನವರ ಜೊತೆ ರೇಂಜಿಗೆ ಹೋಗೋದಿತ್ತು. ಈಗಲೇ ಬರಲ್ಲ ಅಂತ ಮೆಸೇಜ್ ಹಾಕಿದೆ. ನೀವು ಹೇಳದಿದ್ದರೆ ಹೋಗಿಬಿಡ್ತಿದ್ದೆ.


ವೀರಾಜಪೇಟೆ ಕೋವಿ (ಕೊಡಗು)

ಊರಿನಿಂದ ಓದುತ್ತಿದ್ದೇನೆ. ನಮ್ಮಲ್ಲಿ ಪಿಸ್ತೂಲಿನ ಮಾತು ಅಪರೂಪ, ಭಾರತದಲ್ಲಿ 9 ಎಂಎಂ ಸಾರ್ವಜನಿಕರಿಗೆ ನಿಷಿದ್ಧ ಬೋರ್ (ನಳಿಗೆಯ ಅಳತೆ), ಇರುವವರ ಹತ್ತಿರ .32 ಬೋರಿನದು ಇರುತ್ತದೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ (ಕೊಡಗಿನಲ್ಲಿ ವಂಶಪಾರಂಪರ್ಯ ಭೂಮಿ ಇರುವವರು) ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ 2029ರವರೆಗೆ ಮುಂದುವರಿಸಿದೆ. ಮನೆಯ ಕೋವಿ ನಮಗೆ ದೇವರ ಕೋಣೆಯ ವಸ್ತು. ನಮ್ಮ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ತೋಕ್‌ಪೂ ಹೂವು ಸಿಕ್ಕಿಸಿ ಪೂಜೆ ಮಾಡಿ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ.

ನಾನು ಹೇಳಬೇಕು ಅಂದುಕೊಂಡದ್ದು ಒಂದೇ. 12 ಬೋರ್ ಕೋವಿ ಮೊದಲ ಸಲ ಹಿಡಿದ ಮಕ್ಕಳು ಹೆಗಲು ಸಡಿಲ ಬಿಟ್ಟು ಹೊಡೆತ ತಿನ್ನುತ್ತಾರೆ. ಅಜ್ಜ ನಮಗೆ ಒಂದು ತಿಂಗಳು ಗುಂಡು ಕೊಡಲಿಲ್ಲ, ಖಾಲಿ ಕೋವಿ ಹೆಗಲಿಗೆ ಕೂರಿಸುವುದು, ಕೆನ್ನೆ ಒತ್ತುವುದು, ಇಳಿಸುವುದು, ಇಷ್ಟೇ. ಆಮೇಲೆ ಅದೇ ಕೋವಿ, ಅದೇ ತೋಟೆ, ಒದೆತ ಅರ್ಧ ಆದ ಹಾಗೆ ಅನ್ನಿಸಿತು. ಅಕ್ಕನ ಎರಡನೇ ಗುಂಡು ಮೇಲೆ ಹೋಗುವುದಕ್ಕೆ ಹಿಡಿತವೂ ಕಾರಣ ಇರಬಹುದು, ಯಾರಾದರೂ ಪಕ್ಕದಲ್ಲಿ ನಿಂತು ನೋಡಲಿ.


ಹುಬ್ಬಳ್ಳಿ ಮಂದಿ (ಒಹಾಯೊ)

ಇನ್ನೊಂದು ಮಾತು ಕೇಳಬೇಕಿತ್ತು. ಒಂದು ಸಲ ನಿಜವಾಗ್ಲೂ ಹೊಡಿಯೋ ಪ್ರಸಂಗ ಬಂದು ಕೋರ್ಟಿಗೆ ಹೋದ್ರ, "ಇವ ಸ್ಪರ್ಧಾದ ಬಂದೂಕು ಸೊಂಟಕ್ಕ ಕಟ್ಟಿಕೊಂಡು ಅಡ್ಯಾಡತಿದ್ದ" ಅಂತ ಎದುರಿನ ವಕೀಲ ಹೇಳಂಗಿಲ್ಲೇನು?


ಕಾಫಿತೋಟ (ವರ್ಜೀನಿಯಾ)

ಹೇಳಬಹುದು ಅಣ್ಣ, ವಕೀಲ ಏನು ಬೇಕಾದ್ರೂ ಹೇಳಬಹುದು. ಆದರೆ ಅಲ್ಲಿ ಮೊದಲು ತೀರ್ಮಾನ ಆಗೋದು ಹೊಡೆದದ್ದು ನ್ಯಾಯವಾ ಅಲ್ವಾ ಅನ್ನೋದು. ಜೀವಭಯ ಇತ್ತಾ, ಬೇರೆ ದಾರಿ ಇತ್ತಾ, ಅದರ ಮೇಲೆ. ನಮ್ಮ ತರಗತಿಗೆ ಬರೋ ವಕೀಲರು ಟ್ರಿಗರ್ ಬಗ್ಗೆ ಎಚ್ಚರಿಕೆ ಕೊಡ್ತಾರೆ. ಟ್ರಿಗರ್ ತೀರಾ ಹಗುರ ಮಾಡಿಸಿದ್ರೆ ಬೇಕಂತ ಹೊಡೆದದ್ದಲ್ಲ, ಕೈತಪ್ಪಿ ಹಾರಿತು ಅಂತ ವಾದ ಕಟ್ಟೋಕೆ ಆಗುತ್ತೆ. ಕಾಂಪ್ ಗುಂಡನ್ನ ಹಾರಿಸಲ್ಲ, ಗುರಿ ಬಿಟ್ಟು ಹೋಗದ ಹಾಗೆ ಹಿಡಿಯುತ್ತೆ. "ದಾರೀಲಿ ಹೋಗೋರಿಗೆ ತಾಗಬಾರದು ಅಂತ ಹಾಕಿಸಿದೆ" ಅಂತ ನೇರವಾಗಿ ಹೇಳೋಕೆ ಆಗುವ ಕಾರಣ ಅದು. ಕಂಪನಿಯಿಂದಲೇ ಹಾಗೆ ಬಂದಿದ್ರೆ ಇನ್ನೂ ಸುಲಭ. ಪಿಸ್ತೂಲಿನ ಮೇಲೆ ಬುರುಡೆ ಚಿತ್ರ, ಬೆದರಿಕೆ ಬರಹ ಕೆತ್ತಿಸೋದು ಮಾತ್ರ ದಯವಿಟ್ಟು ಯಾರೂ ಮಾಡಬೇಡಿ.


ತುಂಗಾತೀರ (ಟೆಕ್ಸಾಸ್)

ಮೂರು ವಾರ ಆದ ಮೇಲೆ ಬರೀತಿದ್ದೀನಿ.

ಮೇಷ್ಟ್ರು ಹೇಳಿದ ಹಾಗೆ ಬಾಡಿಗೆ ಪಿಸ್ತೂಲು ಇಡೋ ರೇಂಜಿಗೆ ಹೋದೆ. ನನ್ನ ಚಿಕ್ಕದು, ಉದ್ದ ಹಿಡಿ ಇರೋದು ಕಾಂಪ್ ಇಲ್ಲದೆ, ಅದೇ ಹಿಡಿ ಇದ್ದು ಕಾಂಪ್ ಇರೋದು, ಮೂರೂ ಒಂದೇ ಡಬ್ಬಿಯ 124 ಗ್ರೇನ್ ತೋಟೆ. ಏಳು ಗಜ ದೂರ, ಐದೈದು ಗುಂಡು. ಮೊದಲು ಕಲಿಸೋ ಹೆಂಗಸು ಪಕ್ಕ ನಿಂತು ನನ್ನ ಹಿಡಿತ ನೋಡಿದರು. ವೀರಾಜಪೇಟೆಯವರೇ, ನೀವು ಅಲ್ಲಿ ಕೂತು ಹೇಳಿದ್ದು ಇಲ್ಲಿ ಸರಿಯಾಗಿತ್ತು. ಎಡಗೈ ಬರೀ ತಾಗಿಸಿಟ್ಟಿದ್ದೆನಂತೆ, ಒತ್ತುತ್ತಲೇ ಇರಲಿಲ್ಲವಂತೆ. ನೋವಿರೋ ಬಲಗೈ ಮೇಲೇ ಎಲ್ಲಾ ಭಾರ ಹಾಕಿದ್ದೆ. ಎಡಗೈ ಗಟ್ಟಿ ಮಾಡಿದ ಮೇಲೆ ನನ್ನ ಚಿಕ್ಕದರಲ್ಲೇ ಐದರಲ್ಲಿ ನಾಲ್ಕು ಗುಂಡು ಒಳಗಿನ ವೃತ್ತಕ್ಕೆ ಬಿದ್ದವು.

ಉದ್ದ ಹಿಡಿಗೆ ಬಂದಾಗ ದೊಡ್ಡ ವ್ಯತ್ಯಾಸ ಆಯ್ತು. ಅಲ್ಲಿಂದ ಕಾಂಪ್‌ಗೆ ಹೋದಾಗ ಅದಕ್ಕಿಂತ ಚಿಕ್ಕ ವ್ಯತ್ಯಾಸ, ಆದರೆ ಇದೆ. ಕೆಂಪು ಚುಕ್ಕಿ ಗಾಜಿನ ಹೊರಗೆ ಹೋಗಿ ಬರ್ತಿದ್ದದ್ದು ಕಾಂಪ್‌ನಲ್ಲಿ ಗಾಜಿನ ಒಳಗೇ ಎದ್ದು ಇಳೀತು. ಮಣಿಕಟ್ಟಿನ ನೋವು ಅರವತ್ತನೇ ಗುಂಡಿನ ಹೊತ್ತಿಗೆ ಬಂತು, ಮೊದಲು ಮೂವತ್ತಕ್ಕೇ ಬರ್ತಿತ್ತು. 147 ಗ್ರೇನ್ ಒಂದು ಡಬ್ಬಿ ಹೊಡೆದೆ, ಅದರಲ್ಲಿ ಕಾಂಪ್ ಇದ್ದದ್ದಕ್ಕೂ ಇಲ್ಲದ್ದಕ್ಕೂ ನನಗೆ ಭೇದ ತಿಳಿಯಲಿಲ್ಲ.

ಆಮೇಲೆ ಆ ಹೆಂಗಸಿನ ಜೊತೆ ಹೊರಗಿನ ರೇಂಜಿಗೆ ಹೋಗಿ ಪಕ್ಕೆಗೆ ಒತ್ತಿ ಹೊಡೆಯೋದೂ ಮಾಡಿದೆ. ಕಾಫಿತೋಟ ತಂಗಿ ಹೇಳಿದ ಬಿಳಿ ರಟ್ಟು ಕಟ್ಟಿದೆವು. ನೇರ ಹಿಡಿದಾಗ ರಟ್ಟಿನ ಕೆಳ ಅಂಚಿನಲ್ಲಿ ಬೂದು ಬಣ್ಣ, ನಡುವೆ ನಾಲ್ಕೈದು ಕಪ್ಪು ಚುಕ್ಕಿ. ಹೊರಕ್ಕೆ ವಾಲಿಸಿ ಹಿಡಿದಾಗ ಹೊಸ ರಟ್ಟು ಹೆಚ್ಚುಕಮ್ಮಿ ಬಿಳಿಯಾಗೇ ಉಳೀತು. ನೋಡಿದ ಮೇಲೆ ಹೆದರಿಕೆ ಹೋಯ್ತು. ಹೇಗೆ ಹಿಡಿಯಬೇಕು ಅನ್ನೋದು ಕೈಗೆ ಬರೋವರೆಗೂ ಅದನ್ನು ಸೊಂಟಕ್ಕೆ ಇಟ್ಟುಕೊಳ್ಳಬಾರದು ಅಂತಲೂ ಗೊತ್ತಾಯ್ತು.

ಕಾಂಪ್ ಇರೋದನ್ನೇ ತಗೊಂಡೆ. ಡಾಕ್ಟರ್ ಹತ್ತಿರ ಮಣಿಕಟ್ಟು ತೋರಿಸಿದ್ದೇನೆ, ಸ್ಲೈಡ್ ಎಳೆಯುವಾಗ ಆಗೋ ನೋವಿಗೆ ಕಾಂಪ್ ಏನೂ ಮಾಡಲ್ಲ, ಅದು ಉಳಿದೇ ಇದೆ.


ರೇಂಜ್ ಮೇಷ್ಟ್ರು (ಅರಿಜೋನಾ)

ಬಹಳ ಸಂತೋಷ ಆಯ್ತು ಮೇಡಂ. ಸ್ಲೈಡ್ ಎಳೆಯೋದನ್ನು ಬೆರಳ ತುದಿಯಲ್ಲಿ ಮಾಡಬೇಡಿ. ಎಡ ಅಂಗೈ ಪೂರ್ತಿ ಸ್ಲೈಡ್ ಮೇಲೆ ಇಟ್ಟು ಹಿಡಿದು, ಬಲಗೈಯಿಂದ ಪಿಸ್ತೂಲನ್ನೇ ಮುಂದಕ್ಕೆ ತಳ್ಳಿ, ಕಿಂಡಿಯ ಮುಂದೆ ಕೈ ಬರದ ಹಾಗೆ. ಅದೂ ಕಷ್ಟ ಆದರೆ ಸ್ಮಿತ್ ಆಂಡ್ ವೆಸನ್ ಶೀಲ್ಡ್ ಈಜಿ ಅಂತ ಇದೆ, ಹೆಸರೇ ಹೇಳೋ ಹಾಗೆ ಸ್ಲೈಡ್ ಹಗುರ. 2018ರಲ್ಲಿ .380ರಲ್ಲಿ ಬಂತು, ಆಮೇಲೆ 9 ಎಂಎಂನಲ್ಲೂ ಬಂತು. ಒಮ್ಮೆ ಕೈಯಲ್ಲಿ ಹಿಡಿದು ನೋಡಿ.

ಸೊಂಟಕ್ಕೆ ಯಾವ ತೋಟೆ ಇಡುತ್ತೀರೋ ಅದನ್ನೇ ಕನಿಷ್ಠ 200 ಹೊಡೆದು, ಒಂದೂ ಸಿಕ್ಕಿಕೊಳ್ಳದಿದ್ದರೆ ಆಮೇಲೆ ಹಾಕಿಕೊಳ್ಳಿ. ದುಬಾರಿ ಆಗುತ್ತೆ, ಗೊತ್ತು.


ತುಂಗಾತೀರ (ಟೆಕ್ಸಾಸ್)

ನಾಲ್ಕು ಡಬ್ಬಿ ತಂದಿಟ್ಟಿದ್ದೀನಿ ಸರ್. ಭಾನುವಾರ ರಜೆ, ಅರ್ಧ ಹಗಲಲ್ಲಿ, ಇನ್ನರ್ಧ ಕತ್ತಲಾದ ಮೇಲೆ ಕೈದೀಪ ಹಿಡಿದು. ಅಲ್ಲಿವರೆಗೂ ಹಳೆಯದೇ ಕಾರಿನ ಪೆಟ್ಟಿಗೆಯಲ್ಲಿರುತ್ತೆ.


ಹುಬ್ಬಳ್ಳಿ ಮಂದಿ (ಒಹಾಯೊ)

ಎಷ್ಟು ಸಿಕ್ಕೊಂಡ್ವು ಅಂತ ಬಂದು ಬರೀರಿ ಅಕ್ಕಾರ. ಒಂದೂ ಸಿಗಲಿಲ್ಲಂದ್ರ ನಾನೂ ಸ್ಲೈಡಿನಾಗ ಕಿಂಡಿ ಇರೋದು ನೋಡತೇನಿ.